ಅಸಲಿ ಮೇಲ್ ಡಿಲೀಟ್ ಮಾಡಿದೆ, ನಕಲಿಗೆ ಒಟಿಪಿ ಕೊಟ್ಟೆ. ಗುರುತು ಹಿಡಿಯುವುದು ಹೇಗೆ?

ಇಳಕಲ್_ಮಗ್ಗ | ಸೋಮವಾರ, ರಾತ್ರಿ 9:10

ನಮಸ್ಕಾರ. ನಮ್ಮದು ಇಳಕಲ್. ಮನೆಯಲ್ಲಿ ಎರಡು ಮಗ್ಗ ಇವೆ. ಎರಡು ವರ್ಷದಿಂದ ಸೀರೆಗಳನ್ನು ಒಂದು ದೊಡ್ಡ ಶಾಪಿಂಗ್ ಆ್ಯಪ್‌ನಲ್ಲಿ ಮಾರುತ್ತಿದ್ದೇವೆ. ಆ್ಯಪ್ ಹೆಸರು ಬೇಡ, ತಪ್ಪು ನನ್ನದೇ.

ಶನಿವಾರ ರಾತ್ರಿ ಊಟ ಮುಗಿಸಿ ಕೂತಿದ್ದೆ. ಹತ್ತಕ್ಕೆ ಹತ್ತು ನಿಮಿಷ ಇತ್ತು. ಒಂದು ಮೇಲ್ ಬಂತು. ಅವರದೇ ಲೋಗೊ, ಅವರದೇ ಬಣ್ಣ, ಕೆಳಗೆ ಅವರದೇ ಆಫೀಸ್ ವಿಳಾಸ. ನಿಮ್ಮ ಜಿಎಸ್‌ಟಿ ವಿವರ ಪ್ಯಾನ್ ಜೊತೆ ತಾಳೆಯಾಗುತ್ತಿಲ್ಲ, 24 ಗಂಟೆಯಲ್ಲಿ ಸರಿ ಮಾಡದಿದ್ದರೆ ಖಾತೆ ಬಂದ್, ಬರಬೇಕಾದ ಹಣವೂ ನಿಲ್ಲುತ್ತದೆ ಎಂದಿತ್ತು. ನಮಗೆ ಬುಧವಾರ 38 ಸಾವಿರ ಬರುವುದಿತ್ತು. ನೂಲಿನವರಿಗೆ ಅದರಲ್ಲೇ ಕೊಡಬೇಕು. ಕೈ ತಾನಾಗಿ ಲಿಂಕ್ ಒತ್ತಿತು.

ಲಾಗಿನ್ ಪುಟ ಬಂತು. ಪಾಸ್‌ವರ್ಡ್ ಹಾಕಿದೆ. ಒಟಿಪಿ ಬಂತು, ಹಾಕಿದೆ. 'ಒಟಿಪಿ ತಪ್ಪಾಗಿದೆ, ಹೊಸದನ್ನು ಹಾಕಿ' ಅಂತ ತೋರಿಸಿತು. ಎರಡನೆಯದು ಬಂತು, ಅದನ್ನೂ ಹಾಕಿದೆ. 'ಧನ್ಯವಾದ, ಪರಿಶೀಲನೆ ನಡೆಯುತ್ತಿದೆ' ಎಂದಿತು. ನೆಮ್ಮದಿಯಿಂದ ಮಲಗಿದೆ.

ಭಾನುವಾರ ಬೆಳಗ್ಗೆ ಇನ್ನೊಂದು ಮೇಲ್ ಇತ್ತು. 'ನಿಮ್ಮ ಬ್ಯಾಂಕ್ ಖಾತೆ ವಿವರ ಬದಲಾಗಿದೆ. ನೀವು ಮಾಡಿದ್ದಲ್ಲದಿದ್ದರೆ ಕೂಡಲೇ ತಿಳಿಸಿ.' ನಾನು ಬ್ಯಾಂಕ್ ಖಾತೆ ಬದಲಿಸಿಯೇ ಇಲ್ಲವಲ್ಲ, ಇದೇ ಮೋಸದ ಮೇಲ್ ಇರಬೇಕು ಅಂತ ಜಾಣತನ ತೋರಿಸಿ ಡಿಲೀಟ್ ಮಾಡಿದೆ! ಸಂಜೆ ಆರ್ಡರ್ ನೋಡಲು ಆ್ಯಪ್ ತೆರೆದಾಗ ಗೊತ್ತಾಯಿತು. ಹಣ ಜಮಾ ಆಗುವ ಕಡೆ ಯಾರದೋ ಖಾತೆ ಕುಳಿತಿದೆ.

ಆಮೇಲೆ ಮೆಸೇಜ್ ತೆಗೆದು ನೋಡಿದೆ. ಮೊದಲ ಒಟಿಪಿ ಲಾಗಿನ್‌ಗೆ. ಎರಡನೆಯದರಲ್ಲಿ 'ಬ್ಯಾಂಕ್ ಖಾತೆ ಬದಲಾಯಿಸಲು ಒಟಿಪಿ' ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ನಾನು ಓದಿದ್ದು ಆರು ಅಂಕಿ ಮಾತ್ರ. ಅದನ್ನೂ ಫೋನೇ ಎತ್ತಿ ತುಂಬಿಕೊಟ್ಟಿತ್ತು.

ಆ್ಯಪ್ ಒಳಗಿನ ಸಹಾಯದ ಕಡೆಯಿಂದ ದೂರು ಕೊಟ್ಟೆ. ಇವತ್ತು ಬೆಳಗ್ಗೆ ಪಾವತಿ ತಡೆದಿದ್ದಾರೆ. ಹಣ ಇನ್ನೂ ಹೋಗಿಲ್ಲ. ನನ್ನ ಪ್ರಶ್ನೆ ಬೇರೆ. ನಕಲಿ ನೋಡಲು ಅಸಲಿ ಥರ ಇತ್ತು, ಅಸಲಿ ನೋಡಲು ನಕಲಿ ಥರ ಇತ್ತು. ಇನ್ನು ಮುಂದೆ ಯಾವುದನ್ನು ನಂಬುವುದು?

ಮಲಪ್ರಭಾ_ದಂಡೆ | ಸೋಮವಾರ, ರಾತ್ರಿ 9:32

ಬೇಜಾರಾಗಬೇಡಿ. ಇಂಥ ಮೇಲ್‌ಗಳಲ್ಲಿ ಸ್ಪೆಲ್ಲಿಂಗ್ ತಪ್ಪು ಇದ್ದೇ ಇರುತ್ತದೆ. 'ಡಿಯರ್ ಕಸ್ಟಮರ್' ಅಂತ ಶುರುವಾಗುತ್ತದೆ. ಕಣ್ಣು ಬಿಟ್ಟು ಓದಿದರೆ ಸಾಕು. ನಾನು ನೋಡಿದ ಮಟ್ಟಿಗೆ ದುರಾಸೆ ಇದ್ದವರೇ ಸಿಕ್ಕಿಬೀಳುವುದು.

ಇಳಕಲ್_ಮಗ್ಗ | ಸೋಮವಾರ, ರಾತ್ರಿ 9:40

ದುರಾಸೆ ಎಲ್ಲಿಂದ ಬಂತು ರೀ? ನನ್ನದೇ ಹಣ ನಿಂತುಹೋಗುತ್ತದೆ ಎಂಬ ಹೆದರಿಕೆ ಅದು. 'ಡಿಯರ್ ಕಸ್ಟಮರ್' ಕೂಡ ಇರಲಿಲ್ಲ. ನಮ್ಮ ಅಂಗಡಿ ಹೆಸರು, ಜಿಎಸ್‌ಟಿ ನಂಬರ್ ಎರಡೂ ಸರಿಯಾಗಿ ಇದ್ದವು.

ಹಿಡಕಲ್_ಹುಡುಗ | ಸೋಮವಾರ, ರಾತ್ರಿ 10:05

ಜಿಎಸ್‌ಟಿ ನಂಬರ್ ನೋಡಿ ಯಾರೂ ನಂಬಬೇಡಿ. ನೀವು ಕಳಿಸುವ ಪ್ರತಿ ಪಾರ್ಸೆಲ್ಲಿನ ಬಿಲ್ ಮೇಲೆ ಅದು ಇರುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ಯಾರಿಗೆ ಬೇಕಾದರೂ ವ್ಯಾಪಾರದ ಹೆಸರು ಸಿಗುತ್ತದೆ.

ಮಲಪ್ರಭಾ ಅವರೇ, ಸ್ಪೆಲ್ಲಿಂಗ್ ಕಾಲ ಮುಗಿಯಿತು. ಈಗ ಎಐ ಕೈಯಲ್ಲಿ ಒಂದು ನಿಮಿಷದಲ್ಲಿ ತಪ್ಪಿಲ್ಲದ ಇಂಗ್ಲಿಷ್ ಬರೆಸುತ್ತಾರೆ, ಕನ್ನಡವನ್ನೂ ಬರೆಸುತ್ತಾರೆ. ಉಲ್ಟಾ, ದೊಡ್ಡ ಕಂಪನಿಗಳ ಅಸಲಿ ಕನ್ನಡ ನೋಡಿದ್ದೀರಾ? 'ನಿಮ್ಮ ಆದೇಶವನ್ನು ಇರಿಸಲಾಗಿದೆ.' ಎಲ್ಲಿ ಇರಿಸಿದ್ದಾರೋ, ಕಪಾಟಿನಲ್ಲೋ! ಭಾಷೆ ನೋಡಿ ತೀರ್ಮಾನ ಮಾಡಿದರೆ ನಾವು ಅಸಲಿಗಳನ್ನೇ ಮೊದಲು ಡಿಲೀಟ್ ಮಾಡಬೇಕಾಗುತ್ತದೆ.

ಮಗ್ಗದವರೇ, ಕಳಿಸಿದವರ ಪೂರ್ತಿ ವಿಳಾಸ ನೋಡಿದ್ದಿರಾ? ಫೋನಿನ ಜಿಮೇಲ್ ಮೇಲೆ ಬರೀ ಹೆಸರು ತೋರಿಸುತ್ತದೆ. ಆ ಹೆಸರನ್ನು ಕಳಿಸುವವನು ತನಗೆ ಬೇಕಾದಂತೆ ಬರೆದುಕೊಳ್ಳಬಹುದು. ಅದರ ಕೆಳಗೆ 'ನನಗೆ' ಎಂಬ ಸಣ್ಣ ಅಕ್ಷರ, ಪಕ್ಕದಲ್ಲಿ ಬಾಣ ಇರುತ್ತದೆ. ಅದನ್ನು ಒತ್ತಿದರೆ ನಿಜವಾದ ವಿಳಾಸ ಬಿಚ್ಚಿಕೊಳ್ಳುತ್ತದೆ.

ಇಳಕಲ್_ಮಗ್ಗ | ಸೋಮವಾರ, ರಾತ್ರಿ 10:20

ಈಗ ಒತ್ತಿದೆ. ಉದ್ದ ಇದೆ. ಮೊದಲಿಗೆ ಸೆಲ್ಲರ್, ಆಮೇಲೆ ಡಾಟ್, ಕಂಪನಿ ಹೆಸರು, ಡಾಟ್ ಕಾಮ್. ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿದಿಲ್ಲ. ಮತ್ತೆ ಡಾಟ್, ಜಿಎಸ್‌ಟಿ-ಅಪ್‌ಡೇಟ್, ಡಾಟ್ ಟಾಪ್ ಅಂತ ಇದೆ.

ಹಿಡಕಲ್_ಹುಡುಗ | ಸೋಮವಾರ, ರಾತ್ರಿ 10:41

ಅದೇ ಕೀಲಿ. ಇಂಟರ್ನೆಟ್ ವಿಳಾಸವನ್ನು ಹಿಂದಿನಿಂದ ಓದಬೇಕು, ಅಂಚೆ ವಿಳಾಸದ ಹಾಗೆ. 'ಬೆಳಗಾವಿ ಕುಂದಾ ಸೆಂಟರ್, ಮಲ್ಲೇಶ್ವರ, ಬೆಂಗಳೂರು' ಅಂತ ಬೋರ್ಡ್ ಇದ್ದರೆ ಅಂಗಡಿ ಇರುವುದು ಎಲ್ಲಿ? ಬೋರ್ಡಿನಲ್ಲಿ ಬೆಳಗಾವಿ ಇದೆ ಅಂತ ನಾವು ಅಲ್ಲಿನ ರಾಮದೇವ ಗಲ್ಲಿಯಲ್ಲಿ ಹುಡುಕುವುದಿಲ್ಲ. ಕೊನೆಯಲ್ಲಿರುವುದೇ ಊರು. ಮುಂದಿರುವುದು ಬೋರ್ಡು, ಯಾರು ಏನು ಬೇಕಾದರೂ ಬರೆಸಬಹುದು.

ವೆಬ್ ಲಿಂಕ್ ಆದರೆ ಒತ್ತುವ ಬದಲು ಅದರ ಮೇಲೆ ಬೆರಳು ಇಟ್ಟು ಹಿಡಿಯಿರಿ, ವಿಳಾಸ ಕಾಣುತ್ತದೆ. ಶುರುವಿನ ಎಚ್‌ಟಿಟಿಪಿಎಸ್ ಮುಂದಿನ ಎರಡು ಓರೆಗೆರೆ ಬಿಡಿ. ಅದಾದ ಮೇಲೆ ಬರುವ ಮೊದಲ ಓರೆಗೆರೆಯ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿ. ಹಿಂದಿನಿಂದ ಎರಡು ಮಾತು, 'ಡಾಟ್ ಕೋ ಡಾಟ್ ಇನ್' ಥರದ್ದಾದರೆ ಮೂರು. ಅಷ್ಟೇ ಮಾಲೀಕನ ಹೆಸರು. ನಿಮ್ಮ ಮೇಲ್‌ನ ಮಾಲೀಕ 'ಜಿಎಸ್‌ಟಿ-ಅಪ್‌ಡೇಟ್ ಡಾಟ್ ಟಾಪ್'.

ಇದೂ ಸಾಲದ ಜಾಗಗಳಿವೆ. ಇಂಗ್ಲಿಷಿನಲ್ಲಿ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತಾಗಿ ಬರೆದರೆ ಎಂ ಥರ ಕಾಣುತ್ತದೆ. ನಮ್ಮ ಪ ಮತ್ತು ಷ ಇದ್ದ ಹಾಗೆ, ನಡುವಿನ ಒಂದು ಗೆರೆಯಲ್ಲಿ ಆಟ. ರಷ್ಯನ್ ಲಿಪಿಯ 'ಅ' ನೋಡಲು ಇಂಗ್ಲಿಷಿನ ಎ ಥರವೇ ಇದೆ, ಕಂಪ್ಯೂಟರಿಗೆ ಮಾತ್ರ ಅದು ಬೇರೆ ಅಕ್ಷರ. ಕಣ್ಣು ಎಷ್ಟು ಬಿಟ್ಟರೂ ಕಾಣದು.

ವೆಬ್ ವಿಳಾಸದ ಪಕ್ಕ ಬೀಗದ ಗುರುತು ಇತ್ತಲ್ಲ ಅನ್ನುವವರಿಗೆ ಒಂದು ಮಾತು. ಬೀಗ ಇದ್ದರೆ ದಾರಿಯಲ್ಲಿ ಯಾರೂ ಕದ್ದು ಕೇಳುವುದಿಲ್ಲ ಎಂದರ್ಥ. ಆ ಕಡೆ ಕೂತವನು ಕಳ್ಳನೇ ಆಗಿದ್ದರೆ ಬೀಗ ಏನು ಮಾಡುತ್ತದೆ? ಆ ಬೀಗ ತೋರಿಸಲು ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ.

ಇಳಕಲ್_ಮಗ್ಗ | ಮಂಗಳವಾರ, ಬೆಳಗ್ಗೆ 7:15

ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ಮಗ್ಗದ ಮೇಲಿಂದ ಏಳದೆಯೇ ಹೇಳಿದಳು, 'ಕೊಂಡಿ ನೋಡು ಅನ್ನು.' ಹೊರಗಿನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಅಸಲಿ ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಅಂಗಡಿಯಲ್ಲಿ ತೋಪ್ ತೆನಿ ಎಂಬ ವಿನ್ಯಾಸದ ಸೆರಗಿನ ಬಣ್ಣ ನೋಡಿ ಮರುಳಾದವರು ಪ್ರಿಂಟ್ ಸೀರೆ ತರುತ್ತಾರೆ. ತಿಳಿದವರು ಸೆರಗು ಮಗುಚಿ, ಮೈ ಸೇರುವ ಜಾಗದಲ್ಲಿ ಬೆರಳು ಆಡಿಸುತ್ತಾರೆ. ಇಷ್ಟು ವರ್ಷ ಗಿರಾಕಿಗಳಿಗೆ ಇದನ್ನೇ ಹೇಳಿಕೊಂಡು ಬಂದವಳು ನಾನು, ಮೇಲ್‌ನ ಸೆರಗಿನ ಬಣ್ಣಕ್ಕೆ ಬಿದ್ದೆ.

ನವನಗರ_7 | ಮಂಗಳವಾರ, ಬೆಳಗ್ಗೆ 8:02

ಅವ್ವನವರಿಗೆ ನಮಸ್ಕಾರ ತಿಳಿಸಿ.

ನನಗೆ ಬಂದ ಮೇಲ್‌ನಲ್ಲಿ ಲಿಂಕೇ ಇರಲಿಲ್ಲ. ಪಿಡಿಎಫ್ ಇತ್ತು, ಅದರೊಳಗೆ ಕ್ಯುಆರ್ ಕೋಡ್. 'ಫೋನಿನಲ್ಲಿ ಸ್ಕ್ಯಾನ್ ಮಾಡಿ.' ಇದು ಯಾಕೆ ಹೀಗೆ?

ಹಿಡಕಲ್_ಹುಡುಗ | ಮಂಗಳವಾರ, ಬೆಳಗ್ಗೆ 8:30

ಚಿತ್ರದೊಳಗಿನ ಲಿಂಕನ್ನು ಸ್ಪ್ಯಾಮ್ ಫಿಲ್ಟರ್ ಹಿಡಿಯುವುದು ಕಷ್ಟ. ಜೊತೆಗೆ ಆಫೀಸ್ ಕಂಪ್ಯೂಟರಿನ ಕಾವಲು ಬಿಟ್ಟು ನೀವು ನಿಮ್ಮ ಫೋನಿಗೆ ಬರುತ್ತೀರಿ. ಮುಟ್ಟಬೇಡಿ.

ಕುಂದಾನಗರಿ_ಲೆಕ್ಕ | ಮಂಗಳವಾರ, ಮಧ್ಯಾಹ್ನ 1:45

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನಾನು ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ವಿಳಾಸ ಹಿಂದಿನಿಂದ ಓದಿ ಅಂತ ಹೇಳಿದ್ದು ಸರಿ. ನಮ್ಮ ಕಡೆ ನಡೆದದ್ದರಲ್ಲಿ ವಿಳಾಸವೂ ಸರಿಯಾಗಿಯೇ ಇತ್ತು, ಅದನ್ನು ಹೇಳಬೇಕು.

ನಮಗೆ ಪಿಗ್ ಐರನ್ (ಎರಕದ ಕಚ್ಚಾ ಕಬ್ಬಿಣ) ಕೊಡುವ ಒಬ್ಬರಿದ್ದಾರೆ. ಹಳೇ ಸಂಬಂಧ. ಅವರ ಮೇಲ್ ಬಂತು. ಹಿಂದಿನ ಬಿಲ್ ನಂಬರ್, ಎಷ್ಟು ಟನ್, ಯಾವ ಲಾರಿ, ಎಲ್ಲ ಸರಿ. ನಮ್ಮ ಹಳೇ ಮಾತುಕತೆಯ ಕೆಳಗೇ ಉತ್ತರವಾಗಿ ಬಂದಿದೆ. 'ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಸಲದ ಹಣ ಈ ಹೊಸ ಖಾತೆಗೆ ಹಾಕಿ.' ಅಷ್ಟೇ ವಿಷಯ. ಲಿಂಕ್ ಇಲ್ಲ, ಒಟಿಪಿ ಇಲ್ಲ, ಹೆದರಿಸುವ ಮಾತಿಲ್ಲ. ಸುಮ್ನೆ ಒಂದು ಲೆಟರ್‌ಹೆಡ್, ಅದರ ಮೇಲೆ ಸಹಿ, ಸೀಲು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಖಾತೆ ನಂಬರ್ ಬದಲಾದರೆ ಫೋನ್ ಮಾಡಬೇಕು. ಅದೂ ಮೇಲ್‌ನಲ್ಲಿರುವ ನಂಬರಿಗೆ ಮಾಡುವ ಹಾಗಿಲ್ಲ, ನಮ್ಮ ಹಳೇ ಡೈರಿಯಲ್ಲಿ ಬರೆದ ನಂಬರಿಗೇ ಮಾಡಬೇಕು. ಮಾಡಿದೆ. 'ಯಾವ ಆಡಿಟ್ ರೀ?' ಅಂದರು ಅವರು. ಕೂಡಲೇ ಫೋನ್ ಇಟ್ಟು ತಮ್ಮ ಮೇಲ್‌ಬಾಕ್ಸ್ ನೋಡಿಸಿದರು. ಯಾರೋ ವಾರಗಟ್ಟಲೆ ಒಳಗೆ ಕೂತು ಎಲ್ಲ ಓದಿದ್ದಾರೆ. ಒಂದು ಫಿಲ್ಟರ್ ಬೇರೆ ಹಾಕಿಟ್ಟಿದ್ದರು. ನಮ್ಮಿಂದ ಹೋದ ಉತ್ತರಗಳು ಇನ್‌ಬಾಕ್ಸ್‌ಗೆ ಬರದೆ ಯಾವುದೋ ಮೂಲೆಯ ಫೋಲ್ಡರಿಗೆ ಹೋಗುತ್ತಿದ್ದವು. ನಾನು ಫೋನ್ ಬಿಟ್ಟು ಮೇಲ್‌ನಲ್ಲೇ 'ಹೌದಾ?' ಅಂತ ಕೇಳಿದ್ದರೆ ಕಳ್ಳನೇ 'ಹೌದು' ಎನ್ನುತ್ತಿದ್ದ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಆರ್‌ಟಿಜಿಎಸ್, ನೆಫ್ಟ್‌ನಲ್ಲಿ ಹಣ ಹೋಗುವುದು ಖಾತೆ ನಂಬರ್ ನೋಡಿ. ಚೀಟಿಯಲ್ಲಿ ನೀವು ಬರೆದ ಹೆಸರು ತಾಳೆಯಾಗದಿದ್ದರೂ ಹೋಗುತ್ತಿತ್ತು. ಈಗ ಹಣ ಕಳಿಸುವ ಮೊದಲೇ ಖಾತೆದಾರನ ಹೆಸರು ನೋಡುವ ಸೌಲಭ್ಯ ಬಂದಿದೆ. 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕ್‌ಗಳಿಗೆ ಹೇಳಿತ್ತು. ಆ ಹೆಸರು ಓದದೆ ಒತ್ತಬೇಡಿ.

ಮಗ್ಗದವರೇ, ನಿಮ್ಮ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್, ಫಾರ್ವರ್ಡಿಂಗ್ ಎರಡನ್ನೂ ಒಮ್ಮೆ ನೋಡಿ. ಇದು ಫೋನ್ ಆ್ಯಪ್‌ನಲ್ಲಿ ಸಿಗುವುದಿಲ್ಲ, ಕಂಪ್ಯೂಟರಿನಲ್ಲಿ ತೆರೆಯಬೇಕು. ಶಾಪಿಂಗ್ ಖಾತೆಯ ಪಾಸ್‌ವರ್ಡನ್ನೇ ಜಿಮೇಲ್‌ಗೂ ಇಟ್ಟಿದ್ದಿರಾ?

ಇಳಕಲ್_ಮಗ್ಗ | ಮಂಗಳವಾರ, ಮಧ್ಯಾಹ್ನ 2:10

ಹೌದು. ಎರಡಕ್ಕೂ ಒಂದೇ. ಈಗ ಬದಲಿಸಲು ಓಡಿದೆ.

ಪಿಂಚಣಿದಾರ_ವಿಜಯಪುರ | ಮಂಗಳವಾರ, ಸಂಜೆ 5:30

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೌಂಟರ್ ನೋಡಿದವನು ನಾನು. ಎರಡು ಮಾತು.

ಒಂದು, ಬ್ಯಾಂಕ್‌ಗಳ ವೆಬ್‌ಸೈಟ್ ಹೆಸರು ಈಗ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯಬೇಕು. 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಈ ಬಾಲವನ್ನು ಬ್ಯಾಂಕ್ ಅಲ್ಲದವರಿಗೆ ಕೊಡುವುದಿಲ್ಲ. ಡಾಟ್ ಇರುವ ಜಾಗದಲ್ಲಿ ಅಡ್ಡಗೆರೆ ಹಾಕಿ 'ಬ್ಯಾಂಕ್-ಇನ್' ಎಂದು ಬರೆದವನು ಮಾತ್ರ ಬೇರೆ ಗಿರಾಕಿ. ಮೇಲೆ ಆ ಹುಡುಗ ಹೇಳಿದಂತೆ ಕೊನೆಯಿಂದಲೇ ಓದಿ.

ಎರಡು, ಹಣ ಹೋದರೆ ಎಷ್ಟು ಬೇಗ ಹೇಳುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಹೀಗೆ ಹೇಳಿತ್ತು. ನಿಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಬೇರೆಲ್ಲೋ ಸೋರಿಕೆಯಾಗಿ ಹಣ ಹೋಯಿತು ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಒಟಿಪಿ, ಪಿನ್ ನೀವೇ ಕೊಟ್ಟಿದ್ದರೆ ಲೆಕ್ಕ ಬೇರೆ. ಬ್ಯಾಂಕಿಗೆ ತಿಳಿಸುವ ತನಕ ಹೋದದ್ದು ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅದಕ್ಕೇ ನಾಚಿಕೆಪಟ್ಟು ಮನೆಯಲ್ಲಿ ಕೂರಬಾರದು. ನನ್ನ ಕೌಂಟರಿಗೆ ಎಂಟು ದಿನ ಬಿಟ್ಟು ಬಂದವರಿದ್ದಾರೆ, ಮಗನಿಗೆ ಗೊತ್ತಾದರೆ ಬೈಯುತ್ತಾನೆ ಅಂತ.

1930ಕ್ಕೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಡೆಹಿಡಿಯಲು ಅವರು ಬ್ಯಾಂಕ್‌ಗಳಿಗೆ ಹೇಳುತ್ತಾರೆ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು. ಬಾಗಲಕೋಟೆ, ಬೆಳಗಾವಿ, ವಿಜಯಪುರ, ನಮ್ಮ ಮೂರೂ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗಳಿವೆ, ನೇರವಾಗಿಯೂ ಹೋಗಬಹುದು.

ಒಣದ್ರಾಕ್ಷಿ_ತಿಕೋಟಾ | ಮಂಗಳವಾರ, ಸಂಜೆ 6:48

ನಮ್ಮ ಕಾಕಾನಿಗೆ ಇನ್‌ಕಮ್ ಟ್ಯಾಕ್ಸ್ ರೀಫಂಡ್ ಬಂದಿದೆ ಅಂತ ಮೇಲ್ ಬಂದಿತ್ತು. ಕಾರ್ಡ್ ನಂಬರ್, ಪಿನ್ ಹಾಕಿ ಅಂತ. ಕಾಕಾ ಜಾಸ್ತಿ ಯೋಚಿಸಲೇ ಇಲ್ಲ. 'ದ್ರಾಕ್ಷಿ ಬೆಳೆದವನಿಗೆ ಯಾವ ಟ್ಯಾಕ್ಸು, ಯಾವ ರೀಫಂಡು' ಅಂತ ಫೋನ್ ಪಕ್ಕಕ್ಕಿಟ್ಟ. ರಿಟರ್ನ್ ತುಂಬುವವರು ಏನು ನೋಡಬೇಕು?

ಕುಂದಾನಗರಿ_ಲೆಕ್ಕ | ಮಂಗಳವಾರ, ರಾತ್ರಿ 8:15

ಕಾಕಾನೇ ಗೆದ್ದ! ರೀಫಂಡ್ ಹೋಗುವುದು ಪೋರ್ಟಲ್‌ನಲ್ಲಿ ನೀವು ಮೊದಲೇ ದೃಢಪಡಿಸಿಟ್ಟ ಬ್ಯಾಂಕ್ ಖಾತೆಗೆ. ಕಾರ್ಡು, ಪಿನ್ನು ಯಾವುದನ್ನೂ ಇಲಾಖೆ ಮೇಲ್‌ನಲ್ಲಿ ಕೇಳುವುದಿಲ್ಲ. ನೋಟಿಸ್ ಅಂತ ಬಂದರೆ ಅದರ ಮೇಲೆ ಡಿನ್ ಎಂಬ ಸಂಖ್ಯೆ ಹುಡುಕಿ. 2019ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಅಂತ ನೀವೇ ಟೈಪ್ ಮಾಡಿ ಹೋಗಿ, ಅಲ್ಲಿ ಆ ಸಂಖ್ಯೆ ಹಾಕಿದರೆ ನೋಟಿಸ್ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಲಾಗಿನ್ ಕೂಡ ಬೇಡ. ಜುಲೈ ಬಂದರೆ ಇಂಥ ಮೇಲ್ ಮಳೆ ಬಂದಂತೆ ಬರುತ್ತವೆ, ರಿಟರ್ನ್ ಸೀಸನ್ ನೋಡಿಯೇ ಕಳಿಸುತ್ತಾರೆ.

ಮಲಪ್ರಭಾ_ದಂಡೆ | ಮಂಗಳವಾರ, ರಾತ್ರಿ 9:20

ದುರಾಸೆ ಅಂದದ್ದಕ್ಕೆ ಕ್ಷಮಿಸಿ. ಪಿಗ್ ಐರನ್ ಕತೆ ಓದಿದ ಮೇಲೆ ಸುಮ್ಮನಾದೆ. ಆದರೆ ಮಗ್ಗದವರ ಮೂಲ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಆ ಅಸಲಿ ಎಚ್ಚರಿಕೆ ಮೇಲ್ ಬಂದಾಗ ಅವರು ಏನು ಮಾಡಬೇಕಿತ್ತು?

ಹಿಡಕಲ್_ಹುಡುಗ | ಮಂಗಳವಾರ, ರಾತ್ರಿ 10:02

ಒಳ್ಳೆ ಪ್ರಶ್ನೆ. ನನ್ನ ಪ್ರಕಾರ ಅಸಲಿಯೋ ನಕಲಿಯೋ ತೀರ್ಮಾನಿಸುವ ಕೆಲಸವನ್ನೇ ಬಿಟ್ಟುಬಿಡಬೇಕು. ಎರಡೂ ಮೇಲ್‌ಗಳಿಗೆ ಒಂದೇ ಉಪಚಾರ. ಮೇಲ್ ಮುಚ್ಚಿ, ಫೋನಿನಲ್ಲಿ ಮೊದಲೇ ಇರುವ ಆ್ಯಪ್ ತೆರೆದು ನೋಡಬೇಕು. ಜಿಎಸ್‌ಟಿ ತಕರಾರು ನಿಜವಾಗಿದ್ದರೆ ಅಲ್ಲಿ ಕೆಂಪು ಪಟ್ಟಿ ಕಾಣುತ್ತಿತ್ತು. ಶನಿವಾರ ರಾತ್ರಿ ಅಲ್ಲಿ ಏನೂ ಇರುತ್ತಿರಲಿಲ್ಲ. ಬ್ಯಾಂಕ್ ಖಾತೆ ಬದಲಾದದ್ದು ನಿಜ, ಭಾನುವಾರ ಬೆಳಗ್ಗೆಯೇ ಕಣ್ಣಿಗೆ ಬೀಳುತ್ತಿತ್ತು. ಮೇಲ್ ಎಂದರೆ ಹೊರಗೆ ನಿಂತು ಬಾಗಿಲು ಬಡಿದ ಸದ್ದು ಅಷ್ಟೇ. ಹೋಗುವುದು ನಮ್ಮ ಬಾಗಿಲಿನಿಂದಲೇ ಹೋಗೋಣ.

ಜಿಮೇಲ್ ಕೆಲವು ಬ್ರ್ಯಾಂಡ್‌ಗಳ ಪಕ್ಕ ನೀಲಿ ಟಿಕ್ ತೋರಿಸುತ್ತದೆ, 2023ರ ಮೇನಲ್ಲಿ ಶುರುವಾಯಿತು. ಇದ್ದರೆ ಒಳ್ಳೆಯದು. ಇಲ್ಲದ ಅಸಲಿಗಳೂ ಬೇಕಾದಷ್ಟಿವೆ. ಎಸ್‌ಪಿಎಫ್, ಡಿಕಿಮ್ ಅಂತ ಮೇಲ್‌ನ ಜಾತಕ ನೋಡುವ ಪರೀಕ್ಷೆಗಳಿವೆ, ನನ್ನ ಗೆಳೆಯರು ಅದನ್ನೇ ದೊಡ್ಡದು ಮಾಡುತ್ತಾರೆ. ಆ ಪರೀಕ್ಷೆ ಹೇಳುವುದು ಇಷ್ಟೇ: ಈ ಮೇಲ್ ಆ ಡೊಮೇನ್‌ನಿಂದಲೇ, ಅಂದರೆ ವಿಳಾಸದ ಕೊನೆಯಲ್ಲಿರುವ ಆ ಮಾಲೀಕನ ಹೆಸರಿನಿಂದಲೇ ಬಂದಿದೆ. ಕಳ್ಳ 300 ರೂಪಾಯಿ ಕೊಟ್ಟು ತನ್ನದೇ ಡೊಮೇನ್ ಕೊಂಡರೆ ಅವನದೂ ಪಾಸ್. ಕುಂದಾನಗರಿಯವರ ಕಳ್ಳ ಅಸಲಿ ಮೇಲ್‌ಬಾಕ್ಸ್‌ನಲ್ಲೇ ಕೂತಿದ್ದ, ಅವನಂತೂ ಫಸ್ಟ್ ಕ್ಲಾಸ್‌ನಲ್ಲಿ ಪಾಸ್.

ಒಂದು ಉಪಕರಣ ಮಾತ್ರ ನಿಜವಾಗಿ ಕೆಲಸಕ್ಕೆ ಬರುತ್ತದೆ. ಪಾಸ್‌ವರ್ಡನ್ನು ಫೋನಿನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಉಳಿಸಿ. ಅದು ಲೋಗೊ ನೋಡುವುದಿಲ್ಲ, ವಿಳಾಸ ನೋಡುತ್ತದೆ. ನಕಲಿ ಪುಟದಲ್ಲಿ ಅದು ಪಾಸ್‌ವರ್ಡ್ ತುಂಬುವುದೇ ಇಲ್ಲ. 'ಯಾಕೋ ಇವತ್ತು ತುಂಬುತ್ತಿಲ್ಲ' ಅಂತ ಅನಿಸಿದ ಕ್ಷಣ ಕೈ ತೆಗೆಯಿರಿ. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಲಾಗಿನ್ ಆಗುವುದು) ಇರುವ ಕಡೆ ಪಾಸ್‌ಕೀ ಹಾಕಿಕೊಳ್ಳಿ. ನಿಮ್ಮ ಒಟಿಪಿಯನ್ನು ಅವನು ಅರ್ಧ ನಿಮಿಷದಲ್ಲಿ ಅಸಲಿ ಸೈಟಿಗೆ ಸಾಗಿಸಿದ ಹಾಗೆ ಪಾಸ್‌ಕೀಯನ್ನು ಸಾಗಿಸಲು ಬರುವುದಿಲ್ಲ.

ಪಿಂಚಣಿದಾರ_ವಿಜಯಪುರ | ಬುಧವಾರ, ಬೆಳಗ್ಗೆ 6:20

ಗಾಬರಿಯಲ್ಲಿ ಗೂಗಲ್‌ನಲ್ಲಿ 'ಕಸ್ಟಮರ್ ಕೇರ್ ನಂಬರ್' ಹುಡುಕಿ ಫೋನ್ ಮಾಡುವವರು ಬಹಳ ಮಂದಿ. ಮೊದಲು ಸಿಗುವ ನಂಬರ್ ಎಷ್ಟೋ ಸಲ ಇನ್ನೊಬ್ಬ ಕಳ್ಳನದು. ಕಾರ್ಡಿನ ಹಿಂದೆ, ಪಾಸ್‌ಬುಕ್ ಮೇಲೆ ಅಚ್ಚಾದ ನಂಬರಿಗೇ ಮಾಡಿ.

ಇಳಕಲ್_ಮಗ್ಗ | ಗುರುವಾರ, ರಾತ್ರಿ 8:50

ಹಣ ಬಂತು. ಒಂದು ದಿನ ತಡವಾಗಿ, ನಮ್ಮದೇ ಖಾತೆಗೆ. ನೂಲಿನವರಿಗೆ ಕೊಟ್ಟಾಯಿತು. ಜಿಮೇಲ್‌ನಲ್ಲಿ ಫಿಲ್ಟರ್ ಯಾವುದೂ ಇರಲಿಲ್ಲ, ಆದರೆ ಲಾಗಿನ್ ಆದ ಸಾಧನಗಳ ಪಟ್ಟಿಯಲ್ಲಿ ನಮ್ಮದಲ್ಲದ ಒಂದು ಫೋನ್ ಇತ್ತು. ಹೊರಗೆ ಹಾಕಿದೆ.

ಒಣದ್ರಾಕ್ಷಿ_ತಿಕೋಟಾ | ಗುರುವಾರ, ರಾತ್ರಿ 9:05

ಒಳ್ಳೆಯದಾಯಿತು. ಈಗಷ್ಟೇ ಕಾಕಾ ಇನ್ನೊಂದು ತೋರಿಸಿದ. ನೆಟ್‌ಫ್ಲಿಕ್ಸ್ ಹಣ ಕಟ್ಟಿಲ್ಲ ಅಂತೆ. ಮನೆಯಲ್ಲಿ ನೆಟ್‌ಫ್ಲಿಕ್ಸೇ ಇಲ್ಲ. ಸುಮ್ನೆ ನೋಡೋಣ ಅಂತ ವಿಳಾಸ ಹುಡುಕುತ್ತಿದ್ದೇನೆ. ಆ 'ನನಗೆ' ಎಲ್ಲಿದೆ?

ಹಿಡಕಲ್_ಹುಡುಗ | ಗುರುವಾರ, ರಾತ್ರಿ 9:09

ಕಳಿಸಿದವರ ಹೆಸರಿನ ಸರಿ ಕೆಳಗೆ. ಬೂದು ಬಣ್ಣದ ಸಣ್ಣ ಅಕ್ಷರ.

ಒಣದ್ರಾಕ್ಷಿ_ತಿಕೋಟಾ | ಗುರುವಾರ, ರಾತ್ರಿ 9:14

ಸಿಕ್ತು. ನೆಟ್‌ಫ್ಲಿಕ್ಸ್ ಎಂಬ ಮಾತೇ ಇಲ್ಲ, ಯಾವುದೋ ಹೂವಿನ ಅಂಗಡಿ ಹೆಸರಿದೆ. ಕೆಳಗೆ ಅನ್‌ಸಬ್‌ಸ್ಕ್ರೈಬ್ ಅಂತ ಇದೆ, ಒತ್ತಲಾ?

ಹಿಡಕಲ್_ಹುಡುಗ | ಗುರುವಾರ, ರಾತ್ರಿ 9:15

ಬೇಡ ಬೇಡ! ಅದೂ ಅವನದೇ ಲಿಂಕ್. ಮೇಲೆ ಮೂರು ಚುಕ್ಕಿ ಒತ್ತಿ, ಸ್ಪ್ಯಾಮ್ ಅಂತ ವರದಿ ಮಾಡಿ.

ಒಣದ್ರಾಕ್ಷಿ_ತಿಕೋಟಾ | ಗುರುವಾರ, ರಾತ್ರಿ 9:21

ಆಯ್ತು. ಕಾಕಾ ಈಗ ಹಳೇ ಮೇಲ್‌ಗಳನ್ನೆಲ್ಲ ಒಂದೊಂದಾಗಿ ಮಗುಚಿ ನೋಡುತ್ತಾ ಕೂತಿದ್ದಾನೆ. ಊಟಕ್ಕೆ ಏಳುತ್ತಿಲ್ಲ.